ಮೊದಲು ಶೂ ನೋಡಿ, ಪೆಡಲ್ ಆಮೇಲೆ

ಮೌಂಟೇನ್ ಬೈಕ್ ಕೊಳ್ಳೋಕೆ ಹೋದಾಗ ನಾವೆಲ್ಲ ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಗೇರ್ ಎಷ್ಟು? ಬ್ರೇಕ್ ಹೈಡ್ರಾಲಿಕ್ಕಾ? ಮುಂದಿನ ಸಸ್ಪೆನ್ಷನ್ 100 ಮಿಲಿಮೀಟರಾ, 120ಆ? ಚಕ್ರ 27.5 ಇಂಚಾ, 29ಆ? ಇಷ್ಟೆಲ್ಲ ವಿಚಾರಿಸಿ, ಇಎಂಐ ಲೆಕ್ಕ ಹಾಕಿ, ಸೈಕಲ್ ಮನೆಗೆ ತಂದ ಮೇಲೂ ಒಂದು ವಸ್ತುವಿನ ಮೇಲೆ ನಮ್ಮ ಕಣ್ಣೇ ಬಿದ್ದಿರಲ್ಲ. ಅದು ಪೆಡಲ್. ಅದರ ಮೇಲೆ ಕೂರುವ ಶೂ ಅಂತೂ ಸೈಕಲ್‌ಗೆ ಸಂಬಂಧಪಟ್ಟ ವಿಷಯ ಅಂತಲೇ ಅನಿಸಿರಲ್ಲ. ಜಿಮ್‌ಗೆ ಹಾಕೋ ರನ್ನಿಂಗ್ ಶೂ ಇದೆಯಲ್ಲ, ಸಾಕು ಬಿಡಿ ಅಂದುಕೊಂಡಿರುತ್ತೇವೆ.

ಊರೊಳಗೆ ಓಡಿಸುವಾಗ ಅದು ನಿಜಕ್ಕೂ ಸಾಕು. ಯಾಕಂದ್ರೆ ಟಾರ್ ರೋಡಿನಲ್ಲಿ ನಮ್ಮ ಭಾರದ ಬಹುಪಾಲು ಸೀಟಿನ ಮೇಲಿರುತ್ತೆ. ಕಲ್ಲು, ಬೇರು, ಗುಂಡಿ ಇರೋ ಕಾಲುದಾರಿಗೆ ಇಳಿದ ತಕ್ಷಣ ಲೆಕ್ಕ ಬದಲಾಗುತ್ತೆ. ಇಳಿಜಾರಿನಲ್ಲಿ ನಾವು ಸೀಟು ಬಿಟ್ಟು ಎದ್ದು ನಿಲ್ಲುತ್ತೇವೆ. ಆಗ ಇಡೀ ದೇಹದ ಭಾರ ಇಳಿಯೋದು ಎರಡು ಪೆಡಲ್‌ಗಳ ಮೇಲೆ, ಅಂಗೈಯಷ್ಟು ಅಗಲದ ಎರಡು ತುಂಡುಗಳ ಮೇಲೆ. ಅಲ್ಲಿ ಪಾದ ಜಾರಿದರೆ ಹೈಡ್ರಾಲಿಕ್ ಬ್ರೇಕ್ ಆಗಲಿ, ದುಬಾರಿ ಸಸ್ಪೆನ್ಷನ್ ಆಗಲಿ ಕಾಪಾಡೋದು ಕಷ್ಟ. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ, ಎರಡು ಸಿಸ್ಟಮ್‌ಗಳು ಎಷ್ಟೇ ಚೆನ್ನಾಗಿರಲಿ, ನಡುವಿನ ಇಂಟರ್‌ಫೇಸ್ ಕೆಟ್ಟರೆ ಎಲ್ಲಾ ಕೆಟ್ಟಂತೆ.

ಬೇಗೂರು, ಹುಳಿಮಾವು, ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ವಾರಾಂತ್ಯದಲ್ಲಿ ಸೈಕಲ್ ಹೊರಡಿಸುವವರ ಸಂಖ್ಯೆ ಈಗ ಕಡಿಮೆಯೇನಿಲ್ಲ. ಅವರಲ್ಲಿ ಪದೇ ಪದೇ ಕೇಳಿಬರೋ ಪ್ರಶ್ನೆ ಒಂದೇ: ‘ಕ್ಲಿಪ್‌ಲೆಸ್ ಹಾಕಿಸ್ಲಾ, ಫ್ಲಾಟ್ ಸಾಕಾ?’ ಇದಕ್ಕೆ ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ. ನಮ್ಮ ರಸ್ತೆಗೆ, ನಮ್ಮ ಗುಡ್ಡಗಳಿಗೆ, ಹೊಸದಾಗಿ ಶುರು ಮಾಡಿದ ಹೆಚ್ಚಿನವರಿಗೆ ಫ್ಲಾಟ್ ಪೆಡಲ್ಲೇ ಸರಿ. ಆದರೆ ಅದರ ಜೊತೆ ಸರಿಯಾದ ಶೂ ಇರಬೇಕು. ಯಾಕೆ ಅನ್ನೋದನ್ನ ಮುಂದೆ ನೋಡೋಣ.

ಕ್ಲಿಪ್ ಇದ್ದರೂ ಹೆಸರು ಕ್ಲಿಪ್‌ಲೆಸ್

ಫ್ಲಾಟ್ ಪೆಡಲ್ ಅಂದ್ರೆ ನಾವೆಲ್ಲ ಚಿಕ್ಕಂದಿನಿಂದ ತುಳಿದಿರೋ ಬಗೆಯದ್ದೇ, ಸ್ವಲ್ಪ ಅಗಲ ಮಾಡಿ, ಮೇಲೆ ಸಣ್ಣ ಸಣ್ಣ ಲೋಹದ ಪಿನ್‌ಗಳನ್ನು ಕೂರಿಸಿರುತ್ತಾರೆ. ಶೂ ಸೋಲ್‌ನ ರಬ್ಬರಿಗೆ ಆ ಪಿನ್‌ಗಳು ಕಚ್ಚಿಕೊಳ್ಳುತ್ತವೆ. ಕಾಲು ಎತ್ತಿದರೆ ಬಿಟ್ಟುಕೊಡುತ್ತವೆ.

ಇನ್ನೊಂದು ಬಗೆಯಲ್ಲಿ ಶೂ ಕೆಳಗೆ ಕ್ಲೀಟ್ ಅನ್ನೋ ಪುಟ್ಟ ಲೋಹದ ತುಂಡನ್ನು ಬೋಲ್ಟ್ ಮಾಡಿರುತ್ತಾರೆ. ಪೆಡಲ್‌ನಲ್ಲಿ ಸ್ಪ್ರಿಂಗ್ ಇರೋ ದವಡೆ ಇರುತ್ತೆ. ತುಳಿದರೆ ‘ಟಕ್’ ಅಂತ ಕೂರುತ್ತೆ, ಹಿಮ್ಮಡಿಯನ್ನು ಹೊರಗಡೆ ತಿರುಗಿಸಿದರೆ ಬಿಡುತ್ತೆ. ಕಾಲು ಪೆಡಲ್‌ಗೆ ಅಂಟಿಕೊಂಡೇ ಇದ್ದರೂ ಇದರ ಹೆಸರು ಮಾತ್ರ ಕ್ಲಿಪ್‌ಲೆಸ್! ಇದಕ್ಕೊಂದು ಕಾರಣ ಇದೆ. ಹಿಂದೆ ರೇಸ್ ಸೈಕಲ್‌ಗಳಲ್ಲಿ ಕಾಲ್ಬೆರಳ ಮೇಲೆ ಪಂಜರದಂಥ ಕಂಬಿ, ಅದಕ್ಕೊಂದು ಬೆಲ್ಟ್ ಇರುತ್ತಿತ್ತು. ಆ ಕಂಬಿಯ ಹೆಸರೇ ಟೋ ಕ್ಲಿಪ್. ಸ್ಕೀಯಿಂಗ್ ಬೂಟುಗಳಿಗೆ ಬೈಂಡಿಂಗ್ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಆ ಕಂಬಿ ಬೇಡದ ಪೆಡಲ್ ತಂದಿತು. ಮರುವರ್ಷ, 1985ರಲ್ಲಿ, ಬರ್ನಾರ್ಡ್ ಇನೋ ಅದೇ ಪೆಡಲ್ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದರು. ಕಂಬಿ ಹೋಯಿತು, ‘ಕ್ಲಿಪ್ ಇಲ್ಲದ್ದು’ ಅನ್ನೋ ಹೆಸರು ಉಳಿಯಿತು.

ಅದು ರಸ್ತೆ ರೇಸಿನ ಕಥೆ. ಆ ಕ್ಲೀಟ್ ದೊಡ್ಡದು, ಸೋಲ್‌ನಿಂದ ಹೊರಗೆ ಚಾಚಿಕೊಂಡಿರುತ್ತೆ, ಹಾಕಿಕೊಂಡು ನಡೆದರೆ ಬಾತುಕೋಳಿ ನಡಿಗೆ. ಕಾಡುದಾರಿಯಲ್ಲಿ ಸೈಕಲ್ ಹೊತ್ತು ನಡೆಯೋದೂ ಇರುತ್ತಲ್ಲ, ಅಲ್ಲಿಗೆ ಅದು ಆಗಿಬರಲ್ಲ. 1990ರಲ್ಲಿ ಜಪಾನಿನ ಶಿಮಾನೊ ಎಸ್‌ಪಿಡಿ ಅನ್ನೋ ವ್ಯವಸ್ಥೆ ತಂದಿತು. ಎರಡೇ ಬೋಲ್ಟಿನ ಸಣ್ಣ ಕ್ಲೀಟ್, ಅದು ಸೋಲ್‌ನ ರಬ್ಬರಿನ ಒಳಗೇ ಹುದುಗಿರುತ್ತೆ. ಇವತ್ತಿಗೂ ಮೌಂಟೇನ್ ಬೈಕ್ ಕ್ಲಿಪ್‌ಲೆಸ್ ಅಂದ್ರೆ ಹೆಚ್ಚಾಗಿ ಈ ಎರಡು ಬೋಲ್ಟಿನದ್ದೇ. ಕೊಳ್ಳುವಾಗ ಇದು ನೆನಪಿರಲಿ. ಮೂರು ಬೋಲ್ಟಿನ ರೋಡ್ ಶೂ ಡಿಸ್ಕೌಂಟಿನಲ್ಲಿ ಸಿಕ್ಕಿತು ಅಂತ ತಂದರೆ ಎಸ್‌ಪಿಡಿ ಪೆಡಲ್‌ಗೆ ಅದು ಕೂರಲ್ಲ.

‘ಕಾಲು ಮೇಲಕ್ಕೆ ಎಳೆದರೆ ಶಕ್ತಿ ಜಾಸ್ತಿ’ ನಿಜವಾ?

ಕ್ಲಿಪ್‌ಲೆಸ್ ಪರ ಎಲ್ಲರೂ ಹೇಳೋ ಮೊದಲ ಮಾತು ಇದು. ಕಾಲು ಅಂಟಿಕೊಂಡಿದ್ದರೆ ಕೆಳಗೆ ತುಳಿಯೋದರ ಜೊತೆಗೆ ಮೇಲಕ್ಕೂ ಎಳೆಯಬಹುದು, ಹಾಗಾಗಿ ಶಕ್ತಿ ಉಳಿಯುತ್ತೆ ಅಂತ. ಕೇಳೋಕೆ ಸರಿಯಾಗೇ ಇದೆ. ಆದರೆ ಅಳೆದು ನೋಡಿದವರಿಗೆ ಸಿಕ್ಕಿದ್ದು ಬೇರೆ.

2007ರಲ್ಲಿ ಪ್ರಕಟವಾದ ಥಾಮಸ್ ಕೊರ್ಫ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಸೈಕ್ಲಿಸ್ಟ್‌ಗಳಿಗೆ ನಾಲ್ಕು ರೀತಿ ತುಳಿಯೋಕೆ ಹೇಳಿದರು: ತಮ್ಮ ಅಭ್ಯಾಸದಂತೆ, ಒತ್ತಿ ತುಳಿದು, ಗುಂಡಗೆ ತಿರುಗಿಸಿ, ಬೇಕೆಂದೇ ಮೇಲಕ್ಕೆ ಎಳೆದು. ಮೇಲಕ್ಕೆ ಎಳೆದಾಗ ಪೆಡಲ್ ಮೇಲಿನ ಬಲ ಹೆಚ್ಚು ಸಮವಾಗಿ ಹಂಚಿಹೋಯಿತು ನಿಜ, ಆದರೆ ಅದೇ ಕೆಲಸಕ್ಕೆ ದೇಹ ಖರ್ಚು ಮಾಡಿದ ಶಕ್ತಿ ಹೆಚ್ಚಾಯಿತು. 2016ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಆಶರ್ ಸ್ಟ್ರಾ ಮತ್ತು ರಾಜರ್ ಕ್ರಾಮ್ ಇನ್ನೂ ಸರಳವಾದ ಪ್ರಶ್ನೆ ಕೇಳಿದರು. ರನ್ನಿಂಗ್ ಶೂ ಹಾಕಿ ಫ್ಲಾಟ್ ಪೆಡಲ್ ತುಳಿದರೂ, ಸೈಕ್ಲಿಂಗ್ ಶೂ ಹಾಕಿ ಕ್ಲಿಪ್‌ಲೆಸ್ ತುಳಿದರೂ ದೇಹಕ್ಕೆ ತಗಲೋ ಖರ್ಚಿನಲ್ಲಿ ವ್ಯತ್ಯಾಸ ಇದೆಯಾ? 50ರಿಂದ 150 ವಾಟ್‌ವರೆಗಿನ ಸಾಧಾರಣ ಶ್ರಮದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಭಾನುವಾರ ಬೆಳಗ್ಗೆ ಮಾತಾಡಿಕೊಂಡು ಹೋಗೋ ನಮ್ಮಂಥವರ ಶ್ರಮ ಬಹುತೇಕ ಈ ಅಳತೆಯೊಳಗೇ ಬರುತ್ತೆ.

ಹಾಗಾದರೆ ರೇಸ್ ಓಡಿಸೋರೆಲ್ಲ ಯಾಕೆ ಕ್ಲಿಪ್ ಹಾಕ್ತಾರೆ? ಅವರ ಕಾರಣಗಳು ಬೇರೆ. ಕಲ್ಲುಕಲ್ಲಾದ ದಾರಿಯಲ್ಲಿ ಜೋರಾಗಿ ತುಳಿಯುತ್ತಿರುವಾಗ ಪಾದ ಹಾರಿಹೋಗಲ್ಲ. ಸ್ಪ್ರಿಂಟ್ ಎಳೆಯುವಾಗ ಪಾದ ಎಲ್ಲಿದೆ ಅಂತ ಯೋಚಿಸಬೇಕಿಲ್ಲ. ಒಲಿಂಪಿಕ್ಸ್‌ನಲ್ಲಿರೋ ಕ್ರಾಸ್ ಕಂಟ್ರಿ ರೇಸಿನಲ್ಲಿ ಹೆಚ್ಚುಕಮ್ಮಿ ಎಲ್ಲರ ಕಾಲಲ್ಲೂ ಕ್ಲೀಟ್ ಇರೋದು ಇದಕ್ಕೇ. ಆದರೆ ಇಳಿಜಾರೇ ಮುಖ್ಯವಾದ ಎಂಡ್ಯೂರೊ ರೇಸಿನಲ್ಲಿ ಆಸ್ಟ್ರೇಲಿಯಾದ ಸ್ಯಾಮ್ ಹಿಲ್ 2017, 2018, 2019ರಲ್ಲಿ ಸತತ ಮೂರು ವರ್ಷ ಎಂಡ್ಯೂರೊ ವರ್ಲ್ಡ್ ಸಿರೀಸ್ ಗೆದ್ದದ್ದು ಫ್ಲಾಟ್ ಪೆಡಲ್ ಮೇಲೆ. ಹಾಗಾಗಿ ‘ಫ್ಲಾಟ್ ಅಂದ್ರೆ ಕಲಿಯೋರಿಗೆ, ಕ್ಲಿಪ್ ಅಂದ್ರೆ ಕಲಿತವರಿಗೆ’ ಅನ್ನೋ ಮಾತನ್ನು ಯಾರಾದರೂ ಗ್ರೂಪಿನಲ್ಲಿ ಹೇಳಿದರೆ ನಕ್ಕು ಸುಮ್ಮನಾಗಿ.

ಬೇಗೂರಿನಿಂದ ಗುಡ್ಡದವರೆಗೆ

ಪೆಡಲ್ ಬಗ್ಗೆ ಹೊರದೇಶದ ವಿಡಿಯೊಗಳು ಬೇಕಾದಷ್ಟಿವೆ. ಅವುಗಳಲ್ಲಿ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ನೇರ ಕಾಡಿನ ಬಾಗಿಲಿಗೆ ಹೋಗಿ ಇಳಿಸುತ್ತಾರೆ. ನಮ್ಮ ಸವಾರಿ ಹಾಗಲ್ಲ. ಬೇಗೂರಿನಲ್ಲಿರೋರು ತುರಹಳ್ಳಿ ಕಡೆ ಹೊರಟರೆ ಕೆರೆ, ನಾಗೇಶ್ವರ ದೇವಸ್ಥಾನ ಬಿಟ್ಟು, ಹುಳಿಮಾವು ಅಥವಾ ಗೊಟ್ಟಿಗೆರೆ ದಾಟಿ, ಅಂಜನಾಪುರದ ಮೇಲೆ ಕನಕಪುರ ರಸ್ತೆ ಸೇರಬೇಕು. ಅಷ್ಟರಲ್ಲಿ ನೀರಿನ ಟ್ಯಾಂಕರ್, ಕಂಪನಿ ಕ್ಯಾಬ್, ಅಡ್ಡ ಬರೋ ಆಟೊ, ಬಣ್ಣ ಬಳಿಯದ ಹಂಪ್, ಅಗೆದು ಅರ್ಧ ಮುಚ್ಚಿದ ಪೈಪ್‌ಲೈನ್ ಗುಂಡಿ ಎಲ್ಲದರ ದರ್ಶನ ಆಗಿರುತ್ತೆ. ಗುಡ್ಡದಲ್ಲಿ ಒಂದು ಗಂಟೆ ಓಡಿಸೋಕೆ ಟ್ರಾಫಿಕ್‌ನಲ್ಲಿ ಎರಡು ಗಂಟೆ. ಆ ಎರಡು ಗಂಟೆಯಲ್ಲಿ ಎಷ್ಟು ಸಲ ಕಾಲು ನೆಲಕ್ಕೆ ಊರುತ್ತೀರಿ ಅಂತ ಒಮ್ಮೆ ಎಣಿಸಿ ನೋಡಿ.

ಕ್ಲಿಪ್‌ಲೆಸ್‌ನಲ್ಲಿ ಬೀಳೋದು ಹೆಚ್ಚಾಗಿ ವೇಗದಲ್ಲಲ್ಲ, ನಿಲ್ಲುವಾಗ. ಮುಂದಿನ ಗಾಡಿ ದಿಢೀರ್ ಬ್ರೇಕ್ ಹಾಕುತ್ತೆ, ನೀವೂ ಹಾಕುತ್ತೀರಿ, ಹಳೇ ಅಭ್ಯಾಸದಂತೆ ಕಾಲನ್ನು ಮೇಲಕ್ಕೆ ಎತ್ತೋಕೆ ನೋಡುತ್ತೀರಿ. ಅದು ಬರಲ್ಲ, ಯಾಕಂದ್ರೆ ತಿರುಗಿಸಿದರೆ ಮಾತ್ರ ಅದು ಬಿಡೋದು. ಸೈಕಲ್ ನಿಂತಲ್ಲೇ ಕಡಿದ ಬಾಳೆಗಿಡದಂತೆ ಪಕ್ಕಕ್ಕೆ ವಾಲುತ್ತೆ. ಪಾರ್ಕಿನ ಹುಲ್ಲಿನ ಮೇಲಾದರೆ ಎದ್ದು ನಗಬಹುದು. ಬೇಗೂರು ರೋಡಿನಲ್ಲಿ ಬಲಗಡೆಗೆ ಬಿದ್ದರೆ?

ನಮ್ಮ ಅಪಾರ್ಟ್‌ಮೆಂಟಿನ ಒಬ್ಬರು ಹೀಗೇ ಬಿದ್ದರು. ಪುಣ್ಯಕ್ಕೆ ಎಡಗಡೆಗೆ ಬಿದ್ದರು, ಮೋರಿಯ ಕಲ್ಲಿಗೆ ಕೈ ಊರಿ ಮಣಿಕಟ್ಟಿನ ಮೂಳೆ ಬಿರುಕುಬಿಟ್ಟಿತು. ಆರು ವಾರ ಪ್ಲಾಸ್ಟರ್, ಒಂದೇ ಕೈಯಲ್ಲಿ ಲ್ಯಾಪ್‌ಟಾಪ್. ಮೂಳೆ ಕೂಡಿತು, ಆದರೆ ಮನೆಯಲ್ಲಿ ‘ಇನ್ನು ಸೈಕಲ್ ಮಾತೆತ್ತಬೇಡಿ’ ಅಂದುಬಿಟ್ಟರು. ಶುಗರ್ ಗಡಿಯಲ್ಲಿದೆ, ವ್ಯಾಯಾಮ ಮಾಡಿ ಅಂತ ಡಾಕ್ಟರ್ ಹೇಳಿದ್ದಕ್ಕೆ ಅವರು ಸೈಕಲ್ ಶುರು ಮಾಡಿದ್ದು. ಎಂಟು ತಿಂಗಳು ಅದು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸೋ ಸ್ಟ್ಯಾಂಡ್ ಆಗಿತ್ತು. ಈಗ ಫ್ಲಾಟ್ ಪೆಡಲ್ ಹಾಕಿಸಿಕೊಂಡು, ಮನೆಯವರನ್ನು ಒಪ್ಪಿಸಿ, ಕೆರೆ ಸುತ್ತಿ ಬರುತ್ತಿದ್ದಾರೆ. ಕ್ಲೀಟ್ ಕೆಟ್ಟ ವಸ್ತು ಅಂತ ಇದರ ಅರ್ಥ ಅಲ್ಲ. ಅವರು ಅದನ್ನು ಅಭ್ಯಾಸ ಮಾಡಿಕೊಂಡ ಮೊದಲ ಜಾಗವೇ ಟ್ರಾಫಿಕ್ ಆಗಿಬಿಟ್ಟಿತ್ತು.

ಇನ್ನು ಗುಡ್ಡದ ಮಾತು. ಬೆಂಗಳೂರಿನ ಸುತ್ತಲಿನ ಗುಡ್ಡಗಳು ಹಳೆಯ ಗ್ರಾನೈಟ್, ನೈಸ್ ಬಂಡೆಗಳು. ಒಣಗಿದ್ದಾಗ ಬಂಡೆಯ ಮೈ ಉಪ್ಪುಕಾಗದದಂತೆ ಟೈರನ್ನು ಹಿಡಿಯುತ್ತೆ. ಆದರೆ ಬಂಡೆ ಸವೆದು ಉದುರಿದ ದಪ್ಪ ಮರಳು ಅದರ ಮೇಲೇ ಹರಡಿಕೊಂಡಿರುತ್ತೆ, ಅಲ್ಲಿ ಟೈರ್ ಜಾರುತ್ತೆ. ಏರುಗಳು ಉದ್ದ ಇಲ್ಲ, ಕಡಿದಾಗಿವೆ. ಅರ್ಧ ಏರಿ ನಿಂತುಬಿಡೋದು, ಕಾಲೂರಿ ಮತ್ತೆ ಹೊರಡೋದು, ಇಳಿದು ತಳ್ಳೋದು ಇಲ್ಲಿ ಮಾಮೂಲು. ಮಳೆ ಬಂದರೆ ಕೆಂಪು ಮಣ್ಣು ಅರೆದ ಹಿಟ್ಟಿನಂತೆ ಕ್ಲೀಟ್‌ಗೂ ಪೆಡಲ್‌ನ ದವಡೆಗೂ ಮೆತ್ತಿಕೊಳ್ಳುತ್ತೆ. ಆಗ ಒಳಗೆ ಹಾಕೋಕೂ ಆಗಲ್ಲ, ಹಾಕಿದರೆ ತೆಗೆಯೋಕೂ ಆಗಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ತುರಹಳ್ಳಿ ಅರಣ್ಯ ಇಲಾಖೆಯ ಜಾಗ. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡೋ ಯೋಜನೆ ಬಂದಾಗ ಸುತ್ತಲಿನ ಜನ, ನಡೆಯೋರು, ಸೈಕಲ್ ಓಡಿಸೋರು ಎಲ್ಲ ಸೇರಿ ಕಾಡು ಕಾಡಾಗೇ ಇರಲಿ ಅಂತ ಬೀದಿಗಿಳಿದಿದ್ದರು. ಹಾಗೆ ಕೇಳಿಕೊಂಡ ನಾವೇ ನಿಯಮ ಮುರಿಯೋದು ಚೆನ್ನಾಗಿರಲ್ಲ. ತುರಹಳ್ಳಿಯಾಗಲಿ ಯಲಹಂಕ ಕಡೆಯ ಅವಲಹಳ್ಳಿಯಾಗಲಿ, ಸೈಕಲ್‌ಗೆ ಯಾವ ದಾರಿ, ಯಾವ ಹೊತ್ತು ಬಿಟ್ಟಿದ್ದಾರೆ ಅಂತ ಇಲಾಖೆಯ ಫಲಕ ನೋಡಿ, ಗಾರ್ಡ್‌ನ ಕೇಳಿ ಒಳಗೆ ಹೋಗಿ.

ಶೂ: ಎಲ್ಲದಕ್ಕಿಂತ ಮೊದಲು

ಫ್ಲಾಟ್ ಪೆಡಲ್ ಹಾಕಿಸಿದೆ, ಆದರೂ ಕಾಲು ಜಾರುತ್ತೆ ಅನ್ನೋರ ಕಾಲಲ್ಲಿ ನೋಡಿ, ಹೆಚ್ಚಿನ ಸಲ ರನ್ನಿಂಗ್ ಶೂ ಇರುತ್ತೆ. ಓಡೋಕೆ ಮಾಡಿದ ಶೂಗೆ ಮೆತ್ತನೆಯ ಫೋಮ್ ಬೇಕು, ಮುಂಭಾಗ ಮೇಲಕ್ಕೆ ಬಾಗಿರಬೇಕು, ಸೋಲ್‌ನಲ್ಲಿ ಆಳವಾದ ಗೆರೆಗಳಿರಬೇಕು. ಪೆಡಲ್‌ಗೆ ಬೇಕಾಗಿರೋದು ಇದಕ್ಕೆ ಪೂರ್ತಿ ವಿರುದ್ಧ. ಫೋಮ್ ಒತ್ತಿಕೊಂಡು ಪಾದ ಪೆಡಲ್ ಸುತ್ತ ಮಡಚಿಕೊಳ್ಳುತ್ತೆ, ಒಂದು ಗಂಟೆಯಲ್ಲಿ ಅಂಗಾಲು ಉರಿಯೋಕೆ ಶುರು. ಬಾಗಿದ ಮುಂಭಾಗ ಪಿನ್‌ಗಳನ್ನು ಪೂರ್ತಿ ಮುಟ್ಟಲ್ಲ. ಮುಟ್ಟಿದ ಕಡೆ ಪಿನ್‌ಗಳು ಫೋಮನ್ನು ಇಲಿ ಕಡಿದಂತೆ ಕಿತ್ತುಹಾಕುತ್ತವೆ.

ಫ್ಲಾಟ್ ಪೆಡಲ್‌ಗೆಂದೇ ಮಾಡಿದ ಶೂಗಳಲ್ಲಿ ಸೋಲ್ ಚಪ್ಪಟೆ, ರಬ್ಬರ್ ಮೃದು ಮತ್ತು ಅಂಟುಗುಣದ್ದು, ಒಳಗಡೆ ಮಾತ್ರ ಗಟ್ಟಿ ಹಾಳೆ. ಈ ಜಾತಿಗೆ ಹೆಸರು ತಂದಿದ್ದು ಫೈವ್ ಟೆನ್. ಅಮೆರಿಕದಲ್ಲಿ 1985ರಲ್ಲಿ ಬಂಡೆ ಹತ್ತೋರಿಗಾಗಿ ಶುರುವಾದ ಕಂಪನಿ ಅದು, 2011ರಲ್ಲಿ ಅಡಿಡಾಸ್ ಅದನ್ನು ಕೊಂಡುಕೊಂಡಿತು. ಬಂಡೆ ಹಿಡಿಯೋಕೆ ಮಾಡಿದ ರಬ್ಬರ್ ಪೆಡಲ್ ಪಿನ್ ಹಿಡಿಯೋಕೂ ಚೆನ್ನಾಗಿ ಒದಗಿತು. ಈಗ ಬೇರೆ ಕಂಪನಿಗಳೂ ಮಾಡುತ್ತವೆ. ಬ್ರ್ಯಾಂಡ್ ಹೆಸರಿಗಿಂತ ಅಂಗಡಿಯಲ್ಲಿ ಇಷ್ಟು ನೋಡಿಕೊಳ್ಳಿ:

• ಶೂವನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ. ಬೆರಳಿನ ಬುಡದಲ್ಲಿ ಸ್ವಲ್ಪ ಬಗ್ಗಬೇಕು, ನಡುವೆ ಬಗ್ಗಬಾರದು. ಚಪಾತಿಯಂತೆ ಮಡಚಿದರೆ ಬೇಡ.

• ಸೋಲ್ ಮೇಲೆ ಉಗುರು ಒತ್ತಿ. ಕ್ಷಣಕಾಲ ಗುರುತು ಬಿದ್ದು ಮಾಯವಾದರೆ ರಬ್ಬರ್ ಮೃದುವಾಗಿದೆ. ಗುರುತೇ ಬೀಳದಷ್ಟು ಗಟ್ಟಿಯಾಗಿದ್ದರೆ ಒದ್ದೆ ಪೆಡಲ್ ಮೇಲೆ ಜಾರುತ್ತೆ.

• ಬೆರಳಿನ ಭಾಗ ಗಟ್ಟಿಯಾಗಿರಲಿ. ದಾರಿಬದಿಯ ಕಲ್ಲಿಗೆ ಪಾದ ತಗಲೋದು ಅಪರೂಪವೇನಲ್ಲ.

• ಸಂಜೆ ಹೊತ್ತು ಹೋಗಿ ಕೊಳ್ಳಿ, ಓಡಿಸುವಾಗ ಹಾಕೋ ಸಾಕ್ಸ್ ಜೊತೆಗಿರಲಿ. ಸಂಜೆಗೆ ಪಾದ ಸ್ವಲ್ಪ ಊದಿರುತ್ತೆ. ಬೆಳಗ್ಗೆ ಸರಿಹೋದ ಶೂ ಎರಡು ಗಂಟೆ ಓಡಿಸಿದ ಮೇಲೆ ಬಿಗಿಯಾಗುತ್ತೆ. ಚಪ್ಪಲಿಯಲ್ಲೇ ಬೆಳೆದ ನಮ್ಮಲ್ಲಿ ಅನೇಕರ ಪಾದ ಮುಂದೆ ಅಗಲ. ಉದ್ದ ಸರಿಯಿದ್ದು ಅಗಲ ಸಾಲದಿದ್ದರೆ ಬೇರೆ ಮಾಡೆಲ್ ನೋಡಿ, ನಂಬರ್ ಹೆಚ್ಚು ಮಾಡಬೇಡಿ.

• ಲೇಸ್ ಇದ್ದರೆ ಅದರ ತುದಿ ಸಿಕ್ಕಿಸೋಕೆ ಜಾಗ ಇರಲಿ. ಬಲಗಾಲಿನ ಸಡಿಲ ಲೇಸ್ ಚೈನಿಗೆ ಸಿಕ್ಕಿದರೆ ಕಾಲು ಕಟ್ಟಿಹಾಕಿದಂತೆಯೇ.

ಬಜೆಟ್ ಇಲ್ಲ ಅಂದ್ರೆ? ಚಪ್ಪಟೆ ರಬ್ಬರ್ ಸೋಲ್ ಇರೋ ಸ್ಕೇಟ್ ಶೂ, ಇಲ್ಲವೇ ಗಟ್ಟಿ ಸೋಲ್‌ನ ಕ್ಯಾನ್ವಾಸ್ ಶೂ ರನ್ನಿಂಗ್ ಶೂಗಿಂತ ಎಷ್ಟೋ ಮೇಲು. ಚಪ್ಪಲಿ, ಸ್ಯಾಂಡಲ್ ಮಾತ್ರ ಬೇಡ. ಪಿನ್ ಇರೋ ಪೆಡಲ್ ಮುಂದೆ ಬರಿಗಾಲಿನ ಬೆರಳಿಗೆ ರಕ್ಷಣೆ ಇಲ್ಲ.

ಫ್ಲಾಟ್ ಪೆಡಲ್‌ನಲ್ಲಿ ನೋಡಬೇಕಾದ್ದು

ಮೊದಲು ಅಗಲ. ಒಳ್ಳೆಯ ಫ್ಲಾಟ್ ಪೆಡಲ್ ಸುಮಾರು 100 ಮಿಲಿಮೀಟರ್ ಉದ್ದಗಲ ಇರುತ್ತೆ. ಶೂ 10 ನಂಬರಿನ ಮೇಲಿದ್ದರೆ ಇನ್ನೂ ಸ್ವಲ್ಪ ದೊಡ್ಡದು ನೋಡಿ. ಆಮೇಲೆ ಆಕಾರ. ಪೆಡಲ್‌ನ ನಡುವೆ ಸ್ವಲ್ಪ ತಗ್ಗಿದ್ದು ಅಂಚು ಎತ್ತರ ಇದ್ದರೆ ಪಾದ ಬಟ್ಟಲಲ್ಲಿ ಕೂತಂತೆ ಕೂರುತ್ತೆ. ನಡುವೆ ಉಬ್ಬಿದ್ದರೆ ಪಾದ ಹಿಂದೆ ಮುಂದೆ ತೂಗಾಡುತ್ತೆ. ಮೂರನೆಯದು ಪಿನ್. ಸ್ಕ್ರೂ ಥರ ತಿರುಗಿಸಿ ತೆಗೆಯಬಹುದಾದ ಲೋಹದ ಪಿನ್ ಇರಲಿ. ಮುರಿದರೆ ಒಂದೊಂದೇ ಬದಲಿಸಬಹುದು. ಪೆಡಲ್ ಜೊತೆ ಅಚ್ಚಾಗಿ ಬಂದ ಪ್ಲಾಸ್ಟಿಕ್ ಮುಳ್ಳುಗಳು ಕೆಲವೇ ತಿಂಗಳಲ್ಲಿ ಸವೆದು ನುಣ್ಣಗಾಗುತ್ತವೆ.

ನೈಲಾನಾ, ಅಲ್ಯುಮಿನಿಯಮ್ಮಾ? ಮೊದಲ ಜೋಡಿಗೆ ಲೋಹದ ಪಿನ್ ಇರೋ ನೈಲಾನ್ ಪೆಡಲ್ಲೇ ಸಾಕು. ಬೆಲೆ ಕಡಿಮೆ, ಕಲ್ಲಿಗೆ ತಗುಲಿದರೆ ಜಾರಿಕೊಂಡು ಹೋಗುತ್ತೆ, ತುಕ್ಕಿನ ಚಿಂತೆ ಇಲ್ಲ. ಅಲ್ಯುಮಿನಿಯಮ್ ತೆಳ್ಳಗೆ ಮಾಡಬಹುದು, ಹಾಗಾಗಿ ನೆಲದ ಕಲ್ಲಿಗೆ ತಗಲೋದು ಕಡಿಮೆ. ಹಿಡಿತವೂ ಸ್ವಲ್ಪ ಹೆಚ್ಚು, ಬೆಲೆಯೂ ಹೆಚ್ಚು. ಒಟ್ಟು ದುಡ್ಡು ಇಷ್ಟೇ ಅಂತಿದ್ದರೆ ಶೂಗೆ ಹೆಚ್ಚು ಇಡಿ, ಪೆಡಲ್‌ಗೆ ಕಡಿಮೆ ಇಡಿ. ದುಬಾರಿ ಪೆಡಲ್ ಮೇಲೆ ಕೆಟ್ಟ ಸೋಲ್ ಜಾರುತ್ತೆ. ಒಳ್ಳೆ ಸೋಲ್ ಸಾಧಾರಣ ಪೆಡಲನ್ನೂ ಹಿಡಿದುಕೊಳ್ಳುತ್ತೆ.

ಫ್ಲಾಟ್‌ಗೂ ಅದರದ್ದೇ ಕಾಟ ಇದೆ. ಪಾದ ಜಾರಿದಾಗ ಪೆಡಲ್ ತಿರುಗಿ ಮುಂಗಾಲಿನ ಮೂಳೆಗೆ ಬಡಿಯುತ್ತೆ. ಪಿನ್ ಗೀರಿದ ಗಾಯ ಚಿಕ್ಕದಾದರೂ ಆಳ ಇರುತ್ತೆ, ಮಣ್ಣೂ ಸೇರಿರುತ್ತೆ. ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ಟಿಟಿ ಇಂಜೆಕ್ಷನ್ ತೆಗೆದುಕೊಂಡು ಎಷ್ಟು ವರ್ಷ ಆಯ್ತು ಅಂತ ನೆನಪು ಮಾಡಿಕೊಂಡು ಡಾಕ್ಟರ್‌ನ ಕೇಳಿ. ಮೊದಲ ಕೆಲವು ತಿಂಗಳು ಫುಟ್‌ಬಾಲ್ ಆಡೋರು ಹಾಕೋ ಶಿನ್ ಗಾರ್ಡ್ ಹಾಕಿಕೊಂಡರೆ ನಾಚಿಕೆಯೇನಿಲ್ಲ.

ಎಲ್ಲರೂ ಮರೆಯೋ ಇನ್ನೊಂದು ಸಂಗತಿ ಇದೆ. ಸೈಕಲ್ ಜೊತೆ ಬಂದ ಪ್ಲಾಸ್ಟಿಕ್ ಪೆಡಲ್‌ನಲ್ಲಿ ಹಳದಿ ರಿಫ್ಲೆಕ್ಟರ್ ಇರುತ್ತೆ. ಮೇಲೆ ಕೆಳಗೆ ಆಡೋ ಆ ಎರಡು ಚುಕ್ಕೆ ಕಂಡರೆ ಹಿಂದಿನ ಗಾಡಿಯವರಿಗೆ ‘ಮುಂದೆ ಸೈಕಲ್ ಇದೆ’ ಅಂತ ತಕ್ಷಣ ಗೊತ್ತಾಗುತ್ತೆ. ಹೊಸ ಮೌಂಟೇನ್ ಬೈಕ್ ಪೆಡಲ್‌ಗಳಲ್ಲಿ ಹೆಚ್ಚಾಗಿ ಅದು ಇರಲ್ಲ. ಪೆಡಲ್ ಬದಲಿಸಿದ ದಿನವೇ ಕಾಲಿನ ಗಿಣ್ಣಿಗೆ ಕಟ್ಟೋ ಹೊಳೆಯೋ ಪಟ್ಟಿ ಒಂದು ಜೋಡಿ ಕೊಳ್ಳಿ. ಆಫೀಸಿನಿಂದ ಕತ್ತಲಲ್ಲಿ ಬರೋರಿಗಂತೂ ಇದು ಬೇಕೇ ಬೇಕು. ಪ್ಯಾಂಟಿನ ಅಂಚು ಚೈನಿಗೆ ಸಿಗದಂತೆಯೂ ಅದು ಹಿಡಿದಿಡುತ್ತೆ.

ಓಡಿಸುವ ರೀತಿಯಲ್ಲಿ ಕಲಿಯಬೇಕಾದ್ದು ಒಂದೇ. ಇಳಿಜಾರಿನಲ್ಲಿ ಎರಡೂ ಪೆಡಲ್ ಸಮ ಎತ್ತರದಲ್ಲಿಟ್ಟು, ಹಿಮ್ಮಡಿ ಸ್ವಲ್ಪ ಕೆಳಗೆ ಬಿಡಿ. ಆಗ ಕಲ್ಲಿನ ಪ್ರತಿ ಹೊಡೆತವೂ ಪಾದವನ್ನು ಪೆಡಲ್‌ಗೇ ಒತ್ತುತ್ತೆ. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತರೆ ಅದೇ ಹೊಡೆತ ಪಾದವನ್ನು ಎಗರಿಸುತ್ತೆ.

ಕ್ಲಿಪ್ ಬೇಕೇ ಬೇಕು ಅನ್ನೋರಿಗೆ

ಬೇಕೆನ್ನೋಕೆ ಒಳ್ಳೆಯ ಕಾರಣಗಳಿವೆ. ರೇಸ್ ಓಡಿಸೋ ಆಸೆ ಇದ್ದರೆ, ಐವತ್ತು ಕಿಲೋಮೀಟರ್ ಮೇಲ್ಪಟ್ಟು ಹಳ್ಳಿ ಮಣ್ಣುದಾರಿಗಳಲ್ಲಿ ನಿಲ್ಲದೆ ಓಡಿಸುತ್ತಿದ್ದರೆ ಕ್ಲಿಪ್‌ಲೆಸ್ ಖುಷಿ ಕೊಡುತ್ತೆ. ಶುರು ಮಾಡೋದು ಹೀಗೆ.

ಕ್ಲೀಟ್‌ನಲ್ಲಿ ಎರಡು ಬಗೆ ಇವೆ. ಶಿಮಾನೊದ ಎಸ್‌ಎಚ್51 ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತೆ. ಎಸ್‌ಎಚ್56 ಮೇಲಕ್ಕೆ, ಓರೆಯಾಗಿ ಜಗ್ಗಿದರೂ ಬಿಡುತ್ತೆ. ಕಲಿಯೋರಿಗೆ ಎರಡನೆಯದು. ಪೆಡಲ್‌ನ ಸ್ಪ್ರಿಂಗ್ ಬಿಗಿ ಮಾಡೋ ಸಣ್ಣ ಸ್ಕ್ರೂ ಇರುತ್ತೆ, ಅದನ್ನು ಪೂರ್ತಿ ಸಡಿಲ ಮಾಡಿ ಶುರು ಮಾಡಿ. ಸೈಕಲ್‌ನ ಗೋಡೆಗೆ ಒರಗಿಸಿಕೊಂಡು ಪ್ರತಿ ಕಾಲಿಗೆ ಐವತ್ತು ಸಲ ಹಾಕಿ ತೆಗೆಯಿರಿ. ಆಮೇಲೆ ಹುಲ್ಲಿನ ಮೇಲೆ ಮೆಲ್ಲಗೆ ಓಡಿಸಿ, ನಿಲ್ಲೋಕೆ ಮೊದಲೇ ಕಾಲು ಬಿಡಿಸೋದನ್ನು ರೂಢಿ ಮಾಡಿಕೊಳ್ಳಿ. ಯೋಚಿಸದೇ ಆ ತಿರುವು ಬರೋವರೆಗೆ ಮುಖ್ಯರಸ್ತೆ ಬೇಡ.

ಕ್ಲೀಟ್ ಕೂರಿಸುವಾಗ ಮಂಡಿಯ ಮೇಲೆ ಗಮನ ಇರಲಿ. ನೀವು ನಡೆಯುವಾಗ ಪಾದದ ತುದಿ ಹೊರಗೆ ತಿರುಗುತ್ತಾ, ನೇರವಾಗಿರುತ್ತಾ ನೋಡಿಕೊಳ್ಳಿ. ಕ್ಲೀಟ್ ಕೂಡ ಅದೇ ಕೋನದಲ್ಲಿರಲಿ. ಹೆಬ್ಬೆರಳ ಬುಡದ ಉಬ್ಬಿಗಿಂತ ಸ್ವಲ್ಪ ಹಿಂದೆ ಪೆಡಲ್‌ನ ಅಚ್ಚು ಬರುವಂತೆ ಇಟ್ಟರೆ ನಿಂತು ಓಡಿಸೋಕೆ ಸ್ಥಿರವಾಗಿರುತ್ತೆ. ಎರಡು ಮೂರು ಸವಾರಿಯಲ್ಲಿ ಮಂಡಿ ನೋವು ಬಂದರೆ ಸಹಿಸಿಕೊಂಡು ಓಡಿಸಬೇಡಿ. ಕ್ಲೀಟ್‌ನ ಕೋನ ಒಂದೆರಡು ಡಿಗ್ರಿ ಬದಲಿಸಿ, ಸೀಟಿನ ಎತ್ತರ ಪರೀಕ್ಷಿಸಿ. ಫ್ಲಾಟ್‌ನಲ್ಲಿ ಪಾದ ತಾನೇ ತನಗೆ ಬೇಕಾದ ಜಾಗ ಹುಡುಕಿಕೊಳ್ಳುತ್ತೆ. ಇಲ್ಲಿ ಆ ಕೆಲಸ ನಿಮ್ಮದು.

ನಡುವಿನ ದಾರಿಯೂ ಇದೆ. ಒಂದು ಮುಖ ಫ್ಲಾಟ್, ಇನ್ನೊಂದು ಮುಖ ಎಸ್‌ಪಿಡಿ ಇರೋ ಪೆಡಲ್‌ಗಳು ಸಿಗುತ್ತವೆ. ಶಿಮಾನೊದ ಇಎಚ್500 ಅಂಥದ್ದು. ಟ್ರಾಫಿಕ್‌ನಲ್ಲಿ ಫ್ಲಾಟ್ ಮುಖ, ಖಾಲಿ ರಸ್ತೆ ಸಿಕ್ಕ ಮೇಲೆ ಕ್ಲಿಪ್. ಆದರೆ ಕಲ್ಲುದಾರಿಯಲ್ಲಿ ಯಾವ ಮುಖ ಮೇಲಿದೆ ಅಂತ ಹುಡುಕುತ್ತಾ ಕೂರೋದು ಕಿರಿಕಿರಿ.

ಮನೆಯಲ್ಲೇ ಬದಲಿಸೋದು ಹೇಗೆ

ಪೆಡಲ್ ಬದಲಿಸೋಕೆ ಹತ್ತು ನಿಮಿಷ ಸಾಕು, ಆದರೆ ಒಂದು ವಿಷಯ ಗೊತ್ತಿರಬೇಕು. ಬಲಗಡೆ ಪೆಡಲ್‌ನದ್ದು ಮಾಮೂಲಿ ಥ್ರೆಡ್, ಎಡಗಡೆಯದ್ದು ಉಲ್ಟಾ. ಪೆಡಲ್ ಅಚ್ಚಿನ ಮೇಲೆ ಆರ್, ಎಲ್ ಅಂತ ಗುರುತಿರುತ್ತೆ, ಅದಲುಬದಲು ಮಾಡಬೇಡಿ. ನೆನಪಿಡೋಕೆ ಸುಲಭ ಉಪಾಯ ಇದೆ. ಸ್ಪ್ಯಾನರ್ ಮೇಲ್ಮುಖವಾಗಿ ಹಿಡಿದು ಮುಂದಿನ ಚಕ್ರದ ಕಡೆ ತಿರುಗಿಸಿದರೆ ಎರಡೂ ಬಿಗಿಯಾಗುತ್ತವೆ, ಹಿಂದಿನ ಚಕ್ರದ ಕಡೆ ತಿರುಗಿಸಿದರೆ ಎರಡೂ ಬಿಚ್ಚುತ್ತವೆ. ಹೆಚ್ಚಿನವಕ್ಕೆ 15 ಮಿಲಿಮೀಟರ್ ಸ್ಪ್ಯಾನರ್, ಕೆಲವಕ್ಕೆ ಒಳಗಡೆಯಿಂದ 6 ಅಥವಾ 8 ಮಿಲಿಮೀಟರ್ ಅಲೆನ್ ಕೀ ಬೇಕು. ಥ್ರೆಡ್‌ಗೆ ಸ್ವಲ್ಪ ಗ್ರೀಸ್ ಹಚ್ಚಿ, ಮೊದಲ ನಾಲ್ಕೈದು ಸುತ್ತು ಬೆರಳಲ್ಲೇ ತಿರುಗಿಸಿ. ಬೆರಳಿಗೆ ಬಗ್ಗದಿದ್ದರೆ ಓರೆಯಾಗಿ ಕೂತಿದೆ ಅಂತ ಅರ್ಥ. ಅಲ್ಲಿ ಸ್ಪ್ಯಾನರ್ ಹಾಕಿ ಜೋರು ಮಾಡಿದರೆ ಕ್ರ್ಯಾಂಕ್‌ನ ಅಲ್ಯುಮಿನಿಯಮ್ ಥ್ರೆಡ್ ಕಿತ್ತುಬರುತ್ತೆ, ಪೆಡಲ್‌ಗಿಂತ ಅದರ ಖರ್ಚೇ ದೊಡ್ಡದು. ದೊಡ್ಡವರ ಮೌಂಟೇನ್ ಬೈಕ್‌ಗಳ ಅಳತೆ 9/16 ಇಂಚು. ಮಕ್ಕಳ ಕೆಲವು ಸೈಕಲ್‌ಗಳಲ್ಲಿ ಅರ್ಧ ಇಂಚಿನದೂ ಇರುತ್ತೆ. ಅನುಮಾನ ಇದ್ದರೆ ಹಳೇ ಪೆಡಲ್ ಬಿಚ್ಚಿಕೊಂಡೇ ಅಂಗಡಿಗೆ ಹೋಗಿ.

ಶೂ ಕೊಳೆಯಾದರೆ ವಾಷಿಂಗ್ ಮೆಷಿನ್‌ಗೆ ಹಾಕಬೇಡಿ. ಹಳೇ ಟೂತ್‌ಬ್ರಷ್‌ನಲ್ಲಿ ಮಣ್ಣು ಉಜ್ಜಿ, ಒಳಗೆ ಹಳೇ ಪೇಪರ್ ತುರುಕಿ, ನೆರಳಲ್ಲಿ ಒಣಗಿಸಿ. ಸುಡುಬಿಸಿಲಿಗೆ ಸೋಲ್‌ನ ಅಂಟು ಬಿಟ್ಟುಕೊಳ್ಳುತ್ತೆ. ತಿಂಗಳಿಗೊಮ್ಮೆ ಪಿನ್‌ಗಳನ್ನೋ ಕ್ಲೀಟ್ ಬೋಲ್ಟ್‌ಗಳನ್ನೋ ಅಲೆನ್ ಕೀಯಲ್ಲಿ ಮುಟ್ಟಿ ನೋಡಿ. ಕ್ಲೀಟ್‌ನ ಒಂದು ಬೋಲ್ಟ್ ಬಿದ್ದುಹೋದರೆ ಪಾದ ತಿರುಗುತ್ತೆ, ಕ್ಲೀಟ್ ತಿರುಗಲ್ಲ. ಅಂದ್ರೆ ಕಾಲು ಬಿಡಿಸೋಕೇ ಆಗಲ್ಲ.

ಕೊನೆಗೆ, ಯಾರಿಗೆ ಯಾವುದು?

ವಾರದಲ್ಲಿ ಎರಡು ದಿನ ಆಫೀಸಿಗೆ, ಭಾನುವಾರ ಗುಡ್ಡಕ್ಕೆ ಹೋಗೋರಾದರೆ ಚಪ್ಪಟೆ ಸೋಲ್‌ನ ಶೂ, ಲೋಹದ ಪಿನ್‌ನ ನೈಲಾನ್ ಪೆಡಲ್. ಆಫೀಸಿನಲ್ಲಿ ಶೂ ಬದಲಿಸೋ ಕೆಲಸವೂ ಇಲ್ಲ. ಇಳಿಜಾರು, ಜಿಗಿತ ಇಷ್ಟ ಅಂದರೆ ಅದೇ ಶೂ, ಮುಂದೆ ತೆಳ್ಳನೆಯ ಅಲ್ಯುಮಿನಿಯಮ್ ಪೆಡಲ್. ವರ್ಷ ಎರಡು ವರ್ಷ ಓಡಿಸಿ, ದೇಹ ಹದವಾಗಿ, ದೂರದ ಸವಾರಿ ಅಥವಾ ರೇಸಿನ ಆಸೆ ಹುಟ್ಟಿದರೆ ಆಗ ಎಸ್‌ಪಿಡಿ. ಆ ಹೊತ್ತಿಗೂ ನಿಮ್ಮ ಫ್ಲಾಟ್ ಪೆಡಲ್ ಮಾರಬೇಡಿ, ಮಳೆಗಾಲಕ್ಕೆ ಬೇಕಾಗುತ್ತೆ.

ಗ್ರೂಪಿನಲ್ಲಿ ‘ಇನ್ನೂ ಕ್ಲಿಪ್ ಹಾಕಿಲ್ವಾ?’ ಅಂತ ಕೇಳೋರು ಇದ್ದೇ ಇರ್ತಾರೆ. ನಿಮ್ಮ ದಾರಿ ಯಾವುದು, ಎಷ್ಟು ಸಲ ಕಾಲೂರಬೇಕು, ಬಿದ್ದರೆ ಎಲ್ಲಿ ಬೀಳುತ್ತೀರಿ ಅನ್ನೋದು ಅವರಿಗಿಂತ ನಿಮಗೆ ಚೆನ್ನಾಗಿ ಗೊತ್ತು. ನೀವು ಏನು ಹಾಕಿ ಓಡಿಸ್ತೀರಿ, ಯಾವ ಶೂ ಎಷ್ಟು ದಿನ ಬಾಳಿಕೆ ಬಂತು ಅಂತ ಓದುಗರ ಅಂಕಣಕ್ಕೆ ಬರೆಯಿರಿ. ನಮ್ಮ ಮಣ್ಣಿನಲ್ಲಿ ಓಡಿಸಿದವರ ಒಂದು ಸಾಲು ಹೊಸಬರಿಗೆ ಹತ್ತು ವಿಡಿಯೊಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತೆ.